ಉದಗೀರಿನಿಂದ ಬಂದ ಡಬ್ಬಿ

ಜಾವಾಯಿ ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ತೂಗಿ ನೋಡಬಾರದು ಎಂಬ ಕಾಯಿದೆಯನ್ನು ಯಾವ ಪುಣ್ಯಾತ್ಮ ಮಾಡಿಟ್ಟನೋ, ಉಮರ್ಗಾದ ಕಾಶೆಪ್ಪನ ಮನೆಯಲ್ಲಂತೂ ಅದು ಜಾರಿಯಲ್ಲಿತ್ತು. ಆ ಮರಾಠಿ ಸೀಮೆಯಲ್ಲಿ ಕನ್ನಡದವರೂ ಅಳಿಯನನ್ನು ಜಾವಾಯಿ ಎಂದೇ ಕರೆಯುವುದು. ಜಾವಾಯಿ ತಂದ ಬಾಳೆಹಣ್ಣು ಕೊಳೆತಿದ್ದರೂ ಸಿಹಿ, ಜಾವಾಯಿ ಹೇಳಿದ ಸುಳ್ಳೂ ಶಿವವಾಕ್ಯ. ಆ ಕಾಯಿದೆಯ ಏಟು ಬಿದ್ದದ್ದು ಮಾತ್ರ ಸೊಸೆ ವಿದ್ಯಾವತಿಯ ಮೇಲೆ.

ವಿದ್ಯಾವತಿ ಆಳಂದದ ಕಡೆಯ ಹೆಣ್ಣು. ಲಗ್ನಕ್ಕೆ ಮುಂಚೆ ಅಲ್ಲಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ದುಡಿದು ಒಂದು ಕಂಪ್ಯೂಟರ್ ಕೊಂಡುಕೊಂಡಿದ್ದಳು. ಗಂಡನ ಮನೆಗೆ ಬರುವಾಗ ಪಾತ್ರೆ ಪಗಡೆಗಳ ಜೊತೆ ಅದೂ ಟೆಂಪೋ ಹತ್ತಿ ಬಂತು. ಗಂಡ ನೀಲಕಂಠ ಉಮರ್ಗಾದಿಂದ ತುರೋರಿಗೆ ಶೇರ್ ಆಟೋ ಓಡಿಸುವವನು. ಒಳ್ಳೆಯವನೇ, ಆದರೆ ತಾಯಿಯ ಮುಂದೆ ಅವನ ನಾಲಿಗೆ ಹೊರಡುತ್ತಿರಲಿಲ್ಲ. ಮಾವ ಕಾಶೆಪ್ಪ ದಾಳಿಂಬದ ಹಾದಿಯ ಹೊಲ ನೋಡಿಕೊಂಡಿದ್ದ. ಮನೆಯ ಕೀಲಿಕೈ ಇದ್ದದ್ದು ಅತ್ತೆ ಸರುಬಾಯಿಯ ಸೊಂಟದಲ್ಲಿ. ಒಬ್ಬಳೇ ಮಗಳು ಸಾರಿಕಾಳನ್ನು ಹೋದ ವರ್ಷ ಉದಗೀರಿನ ಧನರಾಜನಿಗೆ ಕೊಟ್ಟಿದ್ದರು. ಧನರಾಜನಿಗೆ ಅಲ್ಲಿ ಕಂಪ್ಯೂಟರ್ ಅಂಗಡಿ ಇತ್ತು.

ವಿದ್ಯಾವತಿಗೆ ಕೆಲಸ ಬರುತ್ತಿದ್ದದ್ದು ನಿಲಂಗಾದಿಂದ. ಅಲ್ಲಿ ದಿಗಂಬರ ಎಂಬವನದೊಂದು ಪ್ರೆಸ್ಸು. ಗಡಿ ಸೀಮೆಯ ಲಗ್ನ ಎಂದರೆ ಗೊತ್ತಲ್ಲ, ಗಂಡು ಈ ಕಡೆಯದು, ಹೆಣ್ಣು ಆ ಕಡೆಯದು. ಲಗ್ನಪತ್ರಿಕೆಯ ಒಂದು ಮಗ್ಗುಲಿಗೆ ಮರಾಠಿ ಬೇಕು, ಇನ್ನೊಂದು ಮಗ್ಗುಲಿಗೆ ಕನ್ನಡ ಬೇಕು. ದಿಗಂಬರ ಮನೆಯಲ್ಲಿ ಕನ್ನಡವನ್ನೇ ಮಾತಾಡುವವನು, ಆದರೆ ಕನ್ನಡದ ಒಂದಕ್ಷರ ಓದಲು ಬಾರದು. ಅಲ್ಲಿಯ ಅರ್ಧ ಮಂದಿಯ ಗತಿ ಅದೇ. ಹೀಗಾಗಿ ಹಾಳೆಗಳು ನಿಲಂಗಾ ಬಸ್ಸಿನಲ್ಲಿ ಬರುತ್ತಿದ್ದವು, ವಿದ್ಯಾವತಿ ಅಕ್ಷರ ಜೋಡಿಸಿ ಹೂಬಳ್ಳಿ ಕೂಡಿಸಿ ಪೆನ್‌ಡ್ರೈವಿನಲ್ಲಿ ಹಾಕಿ ತಿರುಗಿ ಕಳಿಸುತ್ತಿದ್ದಳು.

"ವೈನಿ, ಈ ಸೀಜನ್ ಒಂದ ತಪ್ಪಿಲ್ಲದಂಗ ದಾಟಿಸಿ ಕೊಡ್ರಿ," ಎಂದಿದ್ದ ದಿಗಂಬರ. "ಆಮ್ಯಾಲ ವರ್ಷಪೂರ್ತಿ ಕನ್ನಡದ ಕೆಲಸ ಎಲ್ಲಾ ನಿಮಗೇ. ಮಠದ ಪುರಾಣದ ಪುಸ್ತಕ ಅವ, ಪತಸಂಸ್ಥೆಯ ಸಾಲದ ಕಾಗದ ಅವ. ನಾ ಮತ್ತೊಬ್ಬರ ಬಾಗಲಕ್ಕ ಹೋಗಲ್ಲ."

ಆ ಮಾತನ್ನು ಅವಳು ಬಂಗಾರದ ಹಾಗೆ ಕಟ್ಟಿಟ್ಟುಕೊಂಡಿದ್ದಳು. ಆ ಮನೆಯಲ್ಲಿ ಅವಳದು ಎನ್ನುವಂಥದ್ದು ಆ ಕೆಲಸ ಒಂದೇ. ಉಳಿದದ್ದೆಲ್ಲ ಯಾರಾದರೂ ಒಬ್ಬರ ಸೊಸೆ, ಯಾರಾದರೂ ಒಬ್ಬರ ವೈನಿ, ಎಂದರೆ ಅತ್ತಿಗೆ, ಎಂಬ ಲೆಕ್ಕದಲ್ಲಿ ಬಂದದ್ದು.

ಯುಗಾದಿ ಮುಗಿದು ಬಿಸಿಲು ಕಾದಿತ್ತು. ಒಂದು ಮಧ್ಯಾಹ್ನ ಕಂಪ್ಯೂಟರ್ ಗಕ್ಕನೆ ನಿಂತಿತು. ಸುಟ್ಟ ವಾಸನೆ ಬಂತು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದ ಸರುಬಾಯಿ ಮೂಗು ಅರಳಿಸಿಕೊಂಡು ಕೆಳಗೆ ಬಂದಳು.

"ಏನ ಸುಟ್ಟಿ?"

"ನಾ ಏನೂ ಸುಟ್ಟಿಲ್ರಿ ಅತ್ತಿ. ಒಳಗಿನ ಪವರ್ ಡಬ್ಬಿ ಹೋಗ್ಯಾದ."

"ಡಬ್ಬಿ ಹೋದ್ರ ಇನ್ನೊಂದ ಹಚ್ಚು. ಮನ್ಯಾಗ ಡಬ್ಬಿಗೇನ ಬರ ಬಂದದ?"

ಅಂಗಡಿಯವರು ಎಸ್‌ಎಂಪಿಎಸ್ ಅನ್ನುವ ಡಬ್ಬಿ ಅದು. ಗೋಡೆಯ ಕರೆಂಟನ್ನು ಇಳಿಸಿ, ಒಳಗಿನ ನಾಜೂಕು ಭಾಗಗಳಿಗೆ ಯಾರಿಗೆಷ್ಟು ಬೇಕೋ ಅಷ್ಟೇ ಹಂಚುವುದು ಅದರ ಕೆಲಸ. ಅದು ಸರಿ ಇದ್ದರೆ ಅದೊಂದು ಇದೆಯೆಂದೇ ಯಾರಿಗೂ ನೆನಪಾಗುವುದಿಲ್ಲ, ಅಡುಗೆ ಮನೆಯ ಸೊಸೆಯ ಹಾಗೆ. ಕೆಟ್ಟರೆ ತಾನೊಂದೇ ಕೆಡದೆ ಪಕ್ಕದವರನ್ನೂ ಸುಡುತ್ತದೆ.

ಮರುದಿನ ಗಂಡ ಹೆಂಡತಿ ನಿಲಂಗಾ ಬಸ್ಸು ಹತ್ತಿದರು. ದಿಗಂಬರ ತಾನೇ ಅವರನ್ನು ಪರಿಚಯದ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಎರಡು ಡಬ್ಬಿ ತಂದು ಗಾಜಿನ ಮೇಲೆ ಇಟ್ಟ. ಎರಡರ ಮೇಲೂ ನಾನೂರ ಐವತ್ತು ವಾಟ್ ಎಂದೇ ಬರೆದಿತ್ತು.

"ಬರದದ್ದ ಓದಬ್ಯಾಡ್ರಿ ವೈನಿ," ಎಂದ ದಿಗಂಬರ. "ಎರಡೂ ಕೈಯಾಗ ಹಿಡೀರಿ. ಒಳಗ ತಾಮ್ರ ಇದ್ರ ತೂಕ ಇರ್ತದ. ಸ್ಟಿಕ್ಕರ್ ಏನ, ನಾನೂ ಛಾಪಿಸಿ ಕೊಡ್ತೀನಿ."

ವಿದ್ಯಾವತಿ ಹಿಡಿದು ನೋಡಿದಳು. ಒಂದು ಖಾಲಿ ಬಿಸ್ಕಿಟ್ ಡಬ್ಬಿಯಷ್ಟು ಹಗುರ. ಇನ್ನೊಂದು ಕೈಯನ್ನು ಜಗ್ಗಿತು. ಅದರ ವೈರುಗಳು ದಪ್ಪ, ಉದ್ದ. ಜಾಲರಿಯಿಂದ ಒಳಗೆ ಇಣುಕಿದರೆ ಒತ್ತಾಗಿ ಸುತ್ತಿದ ಸುರುಳಿಗಳು ಕಂಡವು. ಬೆಲೆ ಹೆಚ್ಚು, ಆದರೆ ಅವಳ ಕೈಚೀಲದಲ್ಲಿ ಅವಳದೇ ಸಂಪಾದನೆ ಇತ್ತು.

"ಇದೇ ಕೊಡ್ರಿ," ಎಂದಳು.

ಅಷ್ಟರಲ್ಲಿ ನೀಲಕಂಠನ ಮೊಬೈಲ್ ರಿಂಗಾಯಿತು. ಅವನು ಕಿವಿಗೆ ಹಚ್ಚಿ ಹೊರಗೆ ಹೋದ. "ಹೂಂ ಅವ್ವಾ... ಇಲ್ಲ, ಇನ್ನಾ ಕೊಂಡಿಲ್ಲ... ಹೂಂ... ಹೂಂ." ಒಳಗೆ ಬಂದವನು ಹೆಂಡತಿಯ ಮುಖ ನೋಡದೆ ಡಬ್ಬಿಯನ್ನು ಎರಡೂ ಕೈಯಿಂದ ಅಂಗಡಿಯವನ ಕಡೆಗೆ ಸರಿಸಿದ.

"ಯಾಕ್ರಿ?" ಎಂದಳು ವಿದ್ಯಾವತಿ.

"ಅವ್ವ ಅಂತಾಳ, ಮನಿ ಜಾವಾಯಿ ಅಂಗಡಿ ಇಟ್ಕೊಂಡ ಕುಂತಾನ, ಮಂದಿ ಕಡಿ ಕೊಂಡ್ರ ಅಂವನ ಮಾರಿಗಿ ಉಗಳಿದಂಗ ಆಗ್ತದ ಅಂತ. ಸಾರಿಕಾಗ ಫೋನ್ ಮಾಡ್ಯಾಳಂತ. ನಾಳಿ ಬಸ್ಸಿಗಿ ಹಾಕಿ ಕಳಸ್ತಾರ."

"ಎಂಥಾದ ಕಳಸ್ತಾರ?"

"ಕಳಸ್ತಾರಲ್ಲ, ಬಿಡು. ಅಂಗಡಿಯವರಿಗಿ ಗೊತ್ತಿರಲ್ಲೇನ?"

ಮಂದಿಯ ಮನೆಯ ಜಾವಾಯಿಯ ವಿಷಯದಲ್ಲಿ ಬಾಯಿ ಹಾಕುವಷ್ಟು ದಡ್ಡ ದಿಗಂಬರನಲ್ಲ. ಮೂವರಿಗೂ ಚಹಾ ಹೇಳಿದ.

ಉದಗೀರಿನ ಬಸ್ಸಿನಲ್ಲಿ ಡಬ್ಬಿ ಬಂತು, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು. ಸರುಬಾಯಿ ಅದಕ್ಕೆ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ಸೊಸೆಯ ಕೈಗೆ ಕೊಟ್ಟಳು. ವಿದ್ಯಾವತಿಯ ಕೈ ತಾನಾಗಿ ಮೇಲೆ ಕೆಳಗೆ ಆಡಿತು.

"ಏನದು? ತೂಗಿ ನೋಡ್ತಿ?" ಎಂದಳು ಸರುಬಾಯಿ. "ಜಾವಾಯಿ ಕೊಟ್ಟದ್ದ ತೂಗಿ ನೋಡೋ ಪದ್ಧತಿ ನಿಮ್ಮ ಆಳಂದದಾಗ ಅದ ಏನ?"

"ಹಗುರ ಅದರಿ ಅತ್ತಿ. ನಿಲಂಗಾದಾಗ ನಾ ನೋಡಿದ್ದು—"

"ನಿಲಂಗಾದಂವ ನಿನಗ ಕಾಕಾ ಆಗ್ತಾನೋ ಮಾಮಾ ಆಗ್ತಾನೋ? ಇಂವಾ ದುಡ್ಡ ಸುದ್ದಾ ಬ್ಯಾಡ ಅಂದಾನ. ಪುಕಟ ಕೊಟ್ಟದ್ದ ತೂಗಿ ನೋಡಬಾರದು!"

ಪುಕಟ ಎಂಬುದು ಬಾಯಿಮಾತು. ಮಗಳ ಮನೆಯ ಋಣ ಇಟ್ಟುಕೊಳ್ಳಬಾರದೆಂದು ಸರುಬಾಯಿ ಮರುದಿನವೇ ಉದಗೀರಿಗೆ ಒಂದು ಚೀಲ ಬಿಳಿಜೋಳ, ಬುಟ್ಟಿ ತುಂಬ ಮಾವು, ವಿದ್ಯಾವತಿಯೇ ಹೊಸೆದು ಒಣಗಿಸಿದ ಶಾವಿಗೆಯ ಡಬ್ಬ, ಎಲ್ಲ ಕಳಿಸಿದಳು. ಅಷ್ಟರ ಬೆಲೆಗೆ ನಿಲಂಗಾದ ಆ ಭಾರದ ಡಬ್ಬಿ ಎರಡು ಬರುತ್ತಿದ್ದವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಸುಮ್ಮನೆ ಅಂದಿಲ್ಲ ಹಿರಿಯರು.

ವಿದ್ಯಾವತಿ ಕ್ಯಾಬಿನೆಟ್ಟಿನ ಮಗ್ಗುಲು ಬಿಚ್ಚಿ ನೆಲಕ್ಕೆ ಕೂತಳು. ಹಳೆಯದರ ಹಿಂದಿನ ನಾಲ್ಕು ಸ್ಕ್ರೂ ತೆಗೆದು ಅದನ್ನು ಹೊರಗೆಳೆದಳು. ಹೊಸದನ್ನು ಕೂಡಿಸಿದಳು. ದೊಡ್ಡ ಪಿನ್ನು ಬೋರ್ಡಿನಲ್ಲಿ ಕೂತಿತು. ಪ್ರೊಸೆಸರಿನ ಹತ್ತಿರ ಹೋಗಬೇಕಾದ ಚಿಕ್ಕ ಚೌಕದ ಪಿನ್ನಿನ ವೈರು ಗಿಡ್ಡ. ಎಳೆದು, ಬಿಗಿದು, ಅಂತೂ ಮುಟ್ಟಿಸಿದಳು. ಹಿಂದಿನ ಕೆಂಪು ಸ್ವಿಚ್ಚು ನಮ್ಮ ದೇಶದ ವೋಲ್ಟೇಜಿಗೆ ಇದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡಿಕೊಂಡಳು.

ಕಾಶೆಪ್ಪ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಹಗುರ ಇದ್ದದ್ದು ಚಲೋ ತಂಗಿ," ಎಂದ. "ಭಾರದ್ದು ಚಲೋ ಅಂತ ನಮ್ಮಪ್ಪ ಮಣ್ಣಿನ ಮಾಳಿಗಿ ಹಾಕ್ಸಿದ್ದ. ಹೊರಗ ಕಟ್ಟೀ ಮ್ಯಾಲ ಮಲಗಿದಂವ ನಾ ಉಳದೆ."

ಮಾಕಣಿಯ ಹತ್ತಿರದ ಹಳೆಯ ಊರಿನ ಮಾತು ಅದು. ಆ ಸೀಮೆಯನ್ನೇ ನೆಲಸಮ ಮಾಡಿದ ತೊಂಬತ್ತಮೂರರ ಭೂಕಂಪದ ಬೆಳಗಿನ ಜಾವದಲ್ಲಿ ಸರುಬಾಯಿ ಹಿರಿಯ ಮಗಳನ್ನು ಕಳಕೊಂಡಿದ್ದಳು. ಎರಡು ವರ್ಷದ ಸಾರಿಕಾಳನ್ನು ಕಲ್ಲು ಮಣ್ಣು ಬಗೆದು ಬಗೆದು ಉಗುರು ಕಿತ್ತುಹೋದ ಕೈಯಿಂದಲೇ ಹೊರಗೆ ತೆಗೆದಿದ್ದಳು. ಅಂದಿನಿಂದ ಅವಳಿಗೆ ಜಗತ್ತಿನಲ್ಲಿ ಸಾರಿಕಾ ಮತ್ತು ಉಳಿದವರು ಎಂಬ ಎರಡೇ ಜಾತಿ.

ಸ್ವಿಚ್ ಒತ್ತಿದಾಗ ಕಂಪ್ಯೂಟರ್ ಚಾಲೂ ಆಯಿತು. "ನೋಡ್ದಿ?" ಎಂದು ಸರುಬಾಯಿ ಊರಿಗೇ ಕೇಳುವಂತೆ ಅಂದಳು.

ಅಧಿಕ ಮಾಸ ಹತ್ತಿರ ಬಂತು. ಅಧಿಕದಲ್ಲಿ ಲಗ್ನಗಳಿಲ್ಲ. ಆದರೆ ಅದು ಮುಗಿದ ಕೂಡಲೆ ಲಗ್ನಗಳ ಸಾಲು ಹತ್ತುತ್ತದೆ, ಪತ್ರಿಕೆಗಳು ಅಧಿಕ ಮುಗಿಯುವುದರ ಒಳಗೇ ತಯಾರಾಗಬೇಕು. ನಿಲಂಗಾದಿಂದ ಹಾಳೆಗಳು ಒಂದರ ಹಿಂದೊಂದು ಬಂದವು. ವಿದ್ಯಾವತಿ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ನೀರು ತುಂಬಿ, ಕರೆಂಟ್ ಇದ್ದಷ್ಟು ಹೊತ್ತು ಕೂತು ದುಡಿದಳು. ಡಬ್ಬಿ ಕಾಯುತ್ತಿತ್ತು, ಕೀರ್ ಎಂದು ಸಣ್ಣಗೆ ಅಳುತ್ತಿತ್ತು. ಕ್ಯಾಬಿನೆಟ್ಟಿನ ಮಗ್ಗುಲು ತೆರೆದಿಟ್ಟು ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿ, ತಾನು ಬೆವರಿನಲ್ಲಿ ತೊಯ್ದಳು.

"ಧನರಾಜರಾವಗ ಒಂದ ಮಾತ ಹೇಳ್ರಿ," ಎಂದಳು ಗಂಡನಿಗೆ. "ಬ್ಯಾರೆದು ಕಳಸ್ರಿ, ಇದು ಬಾಳ ಕಾಯ್ತದ ಅಂತ."

ನೀಲಕಂಠ ಅವಳ ಎದುರಿಗೇ ಫೋನ್ ಹಚ್ಚಿದ. "ರಾಮ್ ರಾಮ್ ಜಾವಾಯಿಬಾಪು... ಎಲ್ಲಾ ಆರಾಮ... ಹೂಂ, ಧೋಂಡಿ ಊಟಕ್ಕ ಬರಬೇಕ್ರಿ, ಮೊದಲನೇ ಅಧಿಕ... ಡಬ್ಬಿ? ಹೂಂ ಹೂಂ, ಫಸ್ಟ್ ಕ್ಲಾಸ್ ನಡದದರಿ." ಫೋನ್ ಇಟ್ಟು ತಲೆ ತುರಿಸಿಕೊಂಡ. "ಅಂವಾನೇ ಮೊದಲ ಕೇಳಿಬಿಟ್ಟ. ಹೆಂಗ ಹೇಳಲಿ?"

"ಬಾಯಿಲೆ ಹೇಳ್ಬೇಕಿತ್ತು," ಎಂದಳು ವಿದ್ಯಾವತಿ.

ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟ್ ಬಂದ ಒಂದು ಸಂಜೆ, ಅವಳು ಸ್ವಿಚ್ ಒತ್ತಿದ್ದೇ ತಡ, ಪಟಾಕಿಯ ಹಾಗೆ ಢಂ ಎಂದಿತು. ಡಬ್ಬಿಯ ಜಾಲರಿಯಿಂದ ಹೊಗೆ ಎದ್ದಿತು. ಸದ್ದಿಗೆ ಕಾಶೆಪ್ಪ ಧೋತರ ಎತ್ತಿಕೊಂಡು ರಸ್ತೆಗೇ ಓಡಿದ. ಮಗ್ಗುಲ ಮನೆಯ ಪ್ರೇಮಾಬಾಯಿ ಬಂದು ಇಣುಕಿದಳು.

"ಹೆಂಗಸರು ಸ್ಕ್ರೂಡ್ರೈವರ್ ಹಿಡದ್ರ ಹಿಂಗೇ ಆಗ್ತದ ನೋಡವಾ," ಎಂದಳು ಸರುಬಾಯಿ ಪ್ರೇಮಾಬಾಯಿಗೆ. "ಚಲೋ ವಸ್ತಾ ತಂದು ಕೊಟ್ರ ಇದರ ಕೈಯಾಗ ಬಾಳಲಿಲ್ಲ."

ವಿದ್ಯಾವತಿ ಟಾರ್ಚ್ ಹಿಡಿದು ನೋಡಿದಳು. ಡಬ್ಬಿಯ ಜೊತೆಗೆ ಬೋರ್ಡಿನ ಮೂಲೆಯೂ ಕಪ್ಪಾಗಿತ್ತು. ಮಾಡಿಟ್ಟ ಕೆಲಸವೆಲ್ಲ ಇರುವ ಹಾರ್ಡ್ ಡಿಸ್ಕ್ ಉಳಿದಿರಬಹುದು. ಆದರೆ ಅದನ್ನು ನಡೆಸುವುದು ಯಾವುದರಿಂದ? ಅವಳಿಗೆ ಸರುಬಾಯಿಯ ಮೇಲಿನ ಸಿಟ್ಟಿಗಿಂತ ತನ್ನ ಮೇಲೆಯೇ ಹೇಸಿಕೆ ಬಂತು. ಹಗುರ ಎಂದು ಕೈ ಹೇಳಿದಾಗಲೂ ಸ್ವಿಚ್ ಒತ್ತಿದವಳು ತಾನೇ.

ಆ ಹೇಸಿಕೆಯಲ್ಲೇ ಸಾರಿಕಾಳಿಗೆ ಫೋನ್ ಮಾಡಿದಳು. ಸಾರಿಕಾ ಅವಳಿಗೆ ನಾದಿನಿ ಎನ್ನುವುದಕ್ಕಿಂತ ಶಿಷ್ಯೆ. ಮರಾಠಿ ಶಾಲೆಯಲ್ಲಿ ಓದಿದ ಆ ಹುಡುಗಿಗೆ ಕನ್ನಡದ ಅಕ್ಷರ ತಿದ್ದಿಸಿ, ಕೀಲಿಗಳ ಮೇಲೆ ಬೆರಳಿಡಲು ಕಲಿಸಿದವಳು ವಿದ್ಯಾವತಿಯೇ. "ಡಬ್ಬಿ ಖಾಲಿ ಡಬ್ಬಿ ಇದ್ದಂಗ ಇತ್ತ ಸಾರಿಕಾ," ಎಂದುಬಿಟ್ಟಳು. "ನನ್ನ ಕೆಲಸ ಎಲ್ಲಾ ನಿಂತೋಯ್ತು." ಆ ಕಡೆ ಫೋನಿನ ಮಾತು ಹೊರಗೆಲ್ಲ ಕೇಳುವಂತೆ ಇಟ್ಟಿದ್ದರೋ, ಸಾರಿಕಾಳೇ ಗಂಡನ ಮುಂದೆ ಆಡಿದಳೋ, ಅಂತೂ ಮಾತು ಧನರಾಜನ ಕಿವಿಗೆ ಬಿತ್ತು.

ಎರಡು ದಿನ ಕಳೆದು ಸಾರಿಕಾ ಒಬ್ಬಳೇ ಬಸ್ಸಿಳಿದು ಬಂದಳು, ಬಟ್ಟೆಯ ಚೀಲ ಹಿಡಿದುಕೊಂಡು.

"ಇವರು ಧೋಂಡಿ ಊಟಕ್ಕ ಬರಲ್ಲಂತ ಅವ್ವಾ," ಎಂದು ಬಾಗಿಲಲ್ಲೇ ಅತ್ತಳು. "ಕಳಪೆ ಮಾಲು ಮಾರೋ ಮನ್ಯಾಗ ನಿಮ್ಮ ಮಗಳು ಯಾಕ ಇರಬೇಕು, ತವರಮನ್ಯಾಗೇ ಇರ್ಲಿ ಅಂದಾರ. ನಮ್ಮತ್ತಿನೂ ಬಾಳ ಅಂದಳು."

ಮೊದಲ ಅಧಿಕ ಮಾಸಕ್ಕೆ ಜಾವಾಯಿ ಅತ್ತೆಯ ಮನೆಯಲ್ಲಿ ಧೋಂಡಿ ಉಣ್ಣಲಿಲ್ಲ ಎಂದರೆ ಓಣಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಗೋಧಿಯ ಆ ಕಡುಬನ್ನು ತುಪ್ಪದಲ್ಲಿ ಮುಳುಗಿಸಿ ಬಡಿಸಿ, ಜಾವಾಯಿಗೆ ಬಟ್ಟೆ ಕೊಟ್ಟು ಕಳಿಸಬೇಕು. ಸರುಬಾಯಿ ಆ ದಿನ ಊಟ ಮಾಡಲಿಲ್ಲ. ಉದಗೀರಿಗೆ ಫೋನ್ ಹೋಯಿತು, ಉದಗೀರಿನಿಂದ ಫೋನ್ ಬಂತು. ಕಡೆಗೆ ಒಂದು ಒಪ್ಪಂದವಾಯಿತು. ಧನರಾಜ ಬರುತ್ತಾನೆ, ಆದರೆ ತಟ್ಟೆಗೆ ಕೈ ಹಚ್ಚುವ ಮುಂಚೆ, ತಪ್ಪು ಯಾರದೆಂದು ಅವನ ಎದುರಿಗೆ ಇತ್ಯರ್ಥವಾಗಬೇಕು.

ಅವನು ಬರುವ ದಿನ ವಿದ್ಯಾವತಿ ಒಲೆಯ ಮುಂದೆ ಹೂರಣ ರುಬ್ಬುತ್ತಿದ್ದಳು. ಸರುಬಾಯಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ವಿದ್ಯಾ, ಒಂದ ಮಾತ. ವೈರ್ ನಾ ತಪ್ಪು ಹಚ್ಚಿದ್ದೆ ಅಂತ ಅಂದಬಿಡು."

"ನಾ ತಪ್ಪು ಹಚ್ಚಿಲ್ರಿ ಅತ್ತಿ."

"ಗೊತ್ತದ."

ವಿದ್ಯಾವತಿಯ ಕೈ ನಿಂತಿತು. "ಗೊತ್ತದ ಅಂದ್ರ?"

"ನನ್ನ ಕೈಗೇನ ತೂಕ ತಿಳಿಯಲ್ಲೇನ? ಹತ್ತಿ, ಜೋಳ ತೂಗಿದ ಕೈ ಇದು. ದೇವರ ಮುಂದ ಇಡೋವಾಗೇ ತಿಳದಿತ್ತು." ಸರುಬಾಯಿಯ ದನಿ ಇಳಿದಿತ್ತು. "ಒಂದನ್ನ ಮಣ್ಣಾಗ ಬಿಟ್ಟ ಬಂದೀನಿ. ಇದೊಂದನ್ನ ಈ ಕೈಲೆ ತಗದೀನಿ. ಇದರ ಸಂಸಾರ ಒಂದ ಡಬ್ಬಿ ಸಲುವಾಗಿ ಹಾಳ ಆಗ್ಬೇಕೇನ?"

"ಮತ್ತ ನನ್ನ ಹೆಸರು? ನಾಳಿ ದಿಗಂಬರ ಕೇಳಿದ್ರ?"

"ಸೊಸೀದು ಎಂಥಾ ಹೆಸರ? ಹೆಸರ ಅನ್ನೋದು ಮನೀದು."

ವಿದ್ಯಾವತಿ ನೀಲಕಂಠನ ಕಡೆ ನೋಡಿದಳು. ಅವನು ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ. "ಅಂದಬಿಡು," ಎಂದ. "ಖರೆ ಏನಂತ ನಮಗ ಗೊತ್ತದಲ್ಲ. ಮನಿ ಮಂದಿಗಿ ಗೊತ್ತಿದ್ರ ಸಾಕು."

"ನೀವು ಆವತ್ತ ಫೋನಿನಾಗ ಒಂದ ಮಾತ ಅಂದಿದ್ರ, ಇವತ್ತ ನಾ ಅನ್ನೋದು ಬರ್ತಿರಲಿಲ್ಲ," ಎಂದಳು ಅವಳು.

ನೀಲಕಂಠ ಹೊರಗೆ ಹೋಗಿ ಮಣೆ ಹಾಕಿದ.

ಧನರಾಜ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಬಂದು, ಮಣೆಯ ಮೇಲೆ ಕೂತು, ತಟ್ಟೆಯನ್ನು ಮುಟ್ಟದೆ ಕಾದ. ಹಬೆಯಾಡುತ್ತಿದ್ದ ಧೋಂಡಿಗಳು ತುಪ್ಪದಲ್ಲಿ ಆರತೊಡಗಿದವು. ಕಾಶೆಪ್ಪ ಕೆಮ್ಮಿದ. ಸಾರಿಕಾ ಬಾಗಿಲ ಸಂದಿಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವಳ ಕಣ್ಣು ವೈನಿಯ ಮೇಲೆ ಇತ್ತು. ಆ ಕಣ್ಣನ್ನು ನೋಡಿಯೇ ವಿದ್ಯಾವತಿ ಸೋತಳು, ಅತ್ತೆಯ ಮಾತಿಗಲ್ಲ, ಗಂಡನ ಮಾತಿಗಲ್ಲ.

"ವೈರ್ ನಾ ತಪ್ಪು ಹಚ್ಚಿದ್ದೆರಿ," ಎಂದಳು. "ಡಬ್ಬಿ ಚಲೋ ಇತ್ತು. ತಪ್ಪು ನಂದೇ."

ಧನರಾಜನ ಮುಖ ಅರಳಿತು. "ಹಂಗ ಹೇಳ್ರಿ ವೈನಿ! ಅದಕ್ಕ ನಾ ಅಂತೀನಿ, ತಿಳೀದ ಕೆಲಸಕ್ಕ ಕೈ ಹಾಕಬಾರದು." ತಟ್ಟೆಗೆ ಕೈ ಹಾಕಿದ. ಧೋಂಡಿಯ ಮೇಲೆ ಧೋಂಡಿ ತಿಂದ. ಹೊರಡುವಾಗ ಕೊಟ್ಟ ಹೊಸ ಬಟ್ಟೆ ಬಗಲಿಗಿಟ್ಟುಕೊಂಡು, ದೊಡ್ಡ ಮನಸ್ಸು ಮಾಡಿದ. "ಕ್ಯಾಬಿನೆಟ್ ಕೊಡ್ರಿ, ಒಯ್ತೀನಿ. ಹೊಸ ಬೋರ್ಡ್ ಹಾಕಿ ಎಂಟ ದಿನದಾಗ ಕಳಸ್ತೀನಿ. ಮನೀದೇ ಕೆಲಸ."

ಕ್ಯಾಬಿನೆಟ್ಟೂ ಸಾರಿಕಾಳೂ ಒಂದೇ ಬಸ್ಸಿನಲ್ಲಿ ಉದಗೀರಿಗೆ ಹೋದವು. ಸರುಬಾಯಿ ಮಗಳಿಗೆ ಉಡಿ ತುಂಬಿ ಕಳಿಸಿದಳು.

ಎಂಟು ದಿನವಾಯಿತು, ಹದಿನೈದಾಯಿತು. ಫೋನ್ ಮಾಡಿದರೆ ಬೋರ್ಡು ಲಾತೂರಿನಿಂದ ಬರಬೇಕು, ಆಮೇಲೆ ಪುಣೆಯಿಂದ ಬರಬೇಕು. ವಿದ್ಯಾವತಿ ದಿಗಂಬರನಿಗೆ ಎರಡು ದಿನ ತಡೀರಿ, ನಾಲ್ಕು ದಿನ ತಡೀರಿ ಎಂದು ಹೇಳಿಕೊಂಡೇ ಬಂದಳು. ಮೊದಮೊದಲು ಅವನೇ ಫೋನ್ ಮಾಡುತ್ತಿದ್ದ. ಆಮೇಲೆ ಫೋನ್ ಮಾಡುವುದನ್ನು ನಿಲ್ಲಿಸಿದ.

ಅಧಿಕ ಮುಗಿಯಿತು. ಲಗ್ನಗಳು ಹತ್ತಿದವು. ಒಂದು ದಿನ ಸಂಬಂಧಿಕ ರೇವಣಸಿದ್ಧ ತನ್ನ ಮಗಳ ಲಗ್ನಕ್ಕೆ ಕರೆಯಲು ಬಂದು, ಅರಿಷಿಣ ಹಚ್ಚಿದ ಪತ್ರಿಕೆ ಕೊಟ್ಟು ಹೋದ. ವಿದ್ಯಾವತಿ ಕೈ ಒರೆಸಿಕೊಂಡು ತೆರೆದು ನೋಡಿದಳು. ಒಂದು ಮಗ್ಗುಲು ಮರಾಠಿ, ಒಂದು ಮಗ್ಗುಲು ಕನ್ನಡ. ಅಂಚಿನ ಹೂಬಳ್ಳಿ ಅವಳು ಮೂರು ದಿನ ಕೂತು ಕೂಡಿಸಿದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ಉದಗೀರಿನ ಧನರಾಜನ ಅಂಗಡಿಯ ಹೆಸರು.

ನಿಂತಲ್ಲೇ ದಿಗಂಬರನಿಗೆ ಫೋನ್ ಹಚ್ಚಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ವೈನಿ," ಎಂದ ಅವನು. "ನಿಮ್ಮ ಜಾವಾಯೀನೇ ಫೋನ್ ಮಾಡಿದ್ರು. ನಿಮ್ಮ ಡಿಸ್ಕಿನಾಗಿನ ಕೆಲಸ ಎಲ್ಲಾ ಅಲ್ಲೇ ಅದ ಅಂದ್ರು, ಅವರ ಹೆಂಡ್ತಿಗಿ ಕನ್ನಡ ಟೈಪಿಂಗ್ ಬರ್ತದ ಅಂದ್ರು. ಮಂದಿ ಲಗ್ನದ ತಾರೀಖ ನನ್ನ ಸಲುವಾಗಿ ನಿಲ್ಲಲ್ಲ."

"ನನಗ ಒಂದ ಮಾತ ಕೇಳಬೇಕಿತ್ತರಿ."

"ಕೇಳಬೇಕಂತೇ ಇದ್ದೆ. ಆದ್ರ ವೈರ್ ತಪ್ಪು ಹಚ್ಚಿ ಸುಟ್ಟದ್ದು ನೀವೇ ನಾಕ ಮಂದಿ ಮುಂದ ಒಪ್ಕೊಂಡೀರಂತ. ನಿಲಂಗಾದಾಗ ಚಲೋ ಡಬ್ಬಿ ಆರಿಸಿ ಕೊಟ್ರೂ ಇಟ್ಟು ಹೋದ್ರಿ. ನಾ ಏನ ತಿಳೀಬೇಕು ವೈನಿ?"

ಉಗುಳಲಾಗದ, ನುಂಗಲಾಗದ ಬಿಸಿ ತುಪ್ಪ ಅದು. ಒಪ್ಪಿಕೊಂಡದ್ದು ಸುಳ್ಳು ಎಂದರೆ ನಂಬುವವರು ಯಾರು? ಖರೆ ಗೊತ್ತಿದ್ದ ಮನೆಯ ಮಂದಿ ನಿಲಂಗಾಕ್ಕೆ ಬಂದು ಸಾಕ್ಷಿ ಹೇಳುವವರಲ್ಲ.

ಆ ದಿನದ ಊಟಕ್ಕೆ ಪುಂಡಿಪಲ್ಯೆ, ರೊಟ್ಟಿ. ವಿದ್ಯಾವತಿ ಪತ್ರಿಕೆಯನ್ನು ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದಕ್ಕ ಏನಂತೀರಿ?"

ನೀಲಕಂಠ ನೋಡಿದ. ರೊಟ್ಟಿ ಮುರಿದು ಪಲ್ಯೆಗೆ ಹಚ್ಚಿದ.

"ಏನ ಆಗ್ಯಾದ ಅಂತ ಇಷ್ಟ ಮಾರಿ ಮಾಡ್ಕೊಂಡಿ?" ಎಂದಳು ಸರುಬಾಯಿ. "ಕೆಲಸ ಮಂದಿ ಮನಿಗಿ ಹೋಗ್ಯಾದೇನ? ಮಗಳ ಮನಿಗೇ ಹೋಗ್ಯಾದ. ಈಗ ಆಕಿ ಅತ್ತಿ ಸುದ್ದಾ ಆಕಿಗಿ ಚಹಾ ಮಾಡಿ ಕೊಡ್ತಾಳಂತ. ನಮ್ಮ ಹುಡಗಿ ಸುಖ ಅದ ಅಂತ ಸಂತೋಷ ಪಡು."

"ನನ್ನ ಕಂಪ್ಯೂಟರ್ ರೀ ಅತ್ತಿ. ನನ್ನ ದುಡಿಮಿ."

"ನಿಂದು ನಿಂದು ಅಂತ ಎಷ್ಟ ಬಡಕೊಳ್ತಿ? ಮಣ್ಣಾಗ ಹೋಗೋವಾಗ ಯಾರದೂ ಯಾರದಲ್ಲ, ನಾ ಕಣ್ಣಾರೆ ನೋಡೀನಿ."

"ಸಾಕ ಬಿಡ್ರಿ," ಎಂದ ಕಾಶೆಪ್ಪ, ಯಾರಿಗೆಂದು ಹೇಳದೆ. ತನ್ನ ಚಾಪೆ ಎತ್ತಿಕೊಂಡು ಅಂಗಳಕ್ಕೆ ಹೋದ.

ವಾರ ಕಳೆಯಿತು. ಮುಂದಿನ ಕೋಣೆಯ ಟೇಬಲ್ಲಿನ ಮೇಲೆ ಸರುಬಾಯಿ ಉಪ್ಪಿನಕಾಯಿಯ ಜಾಡಿಗಳನ್ನು ಸಾಲಾಗಿ ಇಟ್ಟಳು. ಪ್ರೇಮಾಬಾಯಿ ಬಂದಾಗ, "ಈಗ ನೋಡು, ಕೋಣಿ ಕೋಣಿ ಇದ್ದಂಗ ಅದ," ಎಂದಳು.

ಒಂದು ಮಧ್ಯಾಹ್ನ ವಿದ್ಯಾವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಸರುಬಾಯಿ ಮೊಬೈಲ್ ಹಿಡಿದುಕೊಂಡು ಬಂದಳು. "ಸಾರಿಕಾ. ನಿನಗ ಏನೋ ಕೇಳ್ಬೇಕಂತ."

ವಿದ್ಯಾವತಿ ಹಿಟ್ಟಿನ ಕೈ ಒರೆಸಿಕೊಂಡು ಫೋನ್ ಹಿಡಿದಳು.

"ವೈನಿ, ಆರಾಮ ಇದ್ದಿ?" ಸಾರಿಕಾಳ ದನಿ ಅವಸರದಲ್ಲಿತ್ತು. "ಒಂದ ಅಡಚಣಿ ಆಗ್ಯಾದ. ನೀ ಮಾಡಿಟ್ಟದ್ದೆಲ್ಲಾ ಛಾಪಿಸಿ ಮುಗದದ, ಈಗ ಹೊಸಾದ ಮಾಡ್ಲಿಕ್ಕ ಹತ್ತೀನಿ. ಮರಾಠಿ ಎಲ್ಲಾ ಸರಿ ಕುಂತದ. ಕನ್ನಡ ಎಲ್ಲಾ ಬರೇ ಚೌಕ ಚೌಕ ಕಾಣಸ್ತದ, ಅಕ್ಷರ ಬರವಲ್ದು. ದಿಗಂಬರ ಅವರ ಮಂದಿ ಬಂದು ಕುಂತಾರ. ನೀ ಏನ ಮಾಡ್ತಿದ್ದಿ ಹೇಳಲ್ಲೇನ?"

ಅದು ಎರಡು ನಿಮಿಷದ ಕೆಲಸ. ಎಲ್ಲಿ ಹೋಗಿ ಏನು ಒತ್ತಬೇಕೆಂಬುದು ವಿದ್ಯಾವತಿಯ ಬೆರಳಿಗೇ ಗೊತ್ತಿತ್ತು.

"ಹೇಳ್ತೀನಿ," ಎಂದಳು. "ಮೊದಲ ನೀ ಒಂದ ಹೇಳು ಸಾರಿಕಾ. ಡಬ್ಬಿ ಯಾರ ತಪ್ಪಿಂದ ಸುಟ್ಟಿತ್ತು?"

ಆ ಕಡೆಯ ಫ್ಯಾನಿನ ಸದ್ದು ಕೇಳಿಸಿತು. ಹಿಂದಿನಿಂದ ಧನರಾಜ "ಏನಂತಾಳ?" ಎಂದು ಕೇಳಿದ್ದೂ ಕೇಳಿಸಿತು.

ವಿದ್ಯಾವತಿ ಕಾದಳು. ಬಿಸಿಲಿನಲ್ಲಿ ಚೀಲ ಹಿಡಿದು ನಿಂತು ಅತ್ತ ಹುಡುಗಿ, ಬಾಗಿಲ ಸಂದಿಯಿಂದ ನೋಡಿದ ಆ ಕಣ್ಣು, ಅದಕ್ಕಾಗಿ ತಾನು ಆಡಿದ ಮಾತು. ಪಿಸುದನಿಯಲ್ಲಾದರೂ ಒಂದು ಸಲ ಅವಳು ಖರೆ ಹೇಳಿದರೆ ಸಾಕು, ಎಲ್ಲ ಹೇಳಿಕೊಟ್ಟುಬಿಡೋಣ ಎನಿಸಿತು.

"ನಿಂದೇ ತಪ್ಪು ವೈನಿ," ಎಂದಳು ಸಾರಿಕಾ, ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ. "ನೀನೇ ಎಲ್ಲಾರ ಮುಂದ ಹೇಳಿದ್ದಿಯಲ್ಲ."

"ಹೂಂ. ಹೇಳಿದ್ದೆ." ವಿದ್ಯಾವತಿಯ ದನಿ ಏರಲಿಲ್ಲ. "ಹಂಗಾದ್ರ ನಾಕ ವೈರ್ ಹಚ್ಚಲಿಕ್ಕ ಬರದಾಕಿಗಿ ಇಷ್ಟ ದೊಡ್ಡ ಕೆಲಸ ಎಲ್ಲಿ ಬರ್ತದವ್ವಾ? ನನಗ ಗೊತ್ತಿಲ್ಲ."

"ವೈನಿ! ವೈನಿ, ಹಂಗ ಅನಬ್ಯಾಡ, ಇವರು..."

ಅವಳು ಫೋನನ್ನು ಅತ್ತೆಯ ಕೈಗೆ ಕೊಟ್ಟು ತಿರುಗಿ ಹಿಟ್ಟಿನ ಪರಾತದ ಮುಂದೆ ಕೂತಳು. ಫೋನಿನೊಳಗಿಂದ ಮೊದಲು ಸಾರಿಕಾಳ ಅಳು, ಅದರ ಮೇಲೆ ಧನರಾಜನ ಕೂಗು ಹೊರಗೆ ಬಂತು. ಆಮೇಲೆ ಅದು ಕಟ್ಟಾಯಿತು. ಸರುಬಾಯಿ ಎರಡು ಸಲ "ಬಾಳಾ, ಬಾಳಾ" ಎಂದು ಮಗಳನ್ನು ಕರೆದಳು. ಮತ್ತೆ ಹಚ್ಚಿದರೆ ಆ ಕಡೆ ಯಾರೂ ಎತ್ತಲಿಲ್ಲ.

"ಹೇಳಿ ಕೊಟ್ರ ನಿನ್ನ ಗಂಟ ಏನ ಹೋಗ್ತಿತ್ತು?" ಎಂದಳು ಸರುಬಾಯಿ. "ಅಂವಾ ಆಕಿನ್ನ ಮತ್ತ ಚೀಲ ಹಿಡಿಸಿ ಕಳಸ್ತಾನ. ಈ ಸಲ ಕರಕೊಂಡ ಹೋಗ್ಲಿಕ್ಕಿ ಬರಲ್ಲ. ಗೊತ್ತದೇನ ನಿನಗ?"

ವಿದ್ಯಾವತಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

"ಗೊತ್ತದರಿ ಅತ್ತಿ," ಎಂದಳು.